ಗ್ಯಾಲರಿಗೊಂದು ಚೌಕಿ ಬೇಕು

ಮಂಗಳೂರಿನ ಯಾವುದಾದರೂ ಚಿತ್ರಪ್ರದರ್ಶನಕ್ಕೆ ಹೋಗಿ, ಅರ್ಧ ಗಂಟೆ ಒಂದು ಮೂಲೆಯಲ್ಲಿ ಸುಮ್ಮನೆ ನಿಂತು ನೋಡಿ. ಬಂದವರು ಕೇಳುವುದು ಎರಡೇ ಪ್ರಶ್ನೆ. ಒಂದು, "ಇದು ಎಂತದು?" ಇನ್ನೊಂದು, "ಇದಕ್ಕೆ ಎಷ್ಟು?" ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ "ಓ ಹೌದಾ, ಚೆಂದ ಉಂಟು" ಅಂತ ಹೇಳಿ ಮುಂದೆ ಹೋಗುತ್ತಾರೆ. ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಏನೂ ಹೇಳದೆ ಮುಂದೆ ಹೋಗುತ್ತಾರೆ :-) ಆಮೇಲೆ ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ "ಅದ್ಭುತ! ಶುಭವಾಗಲಿ" ಎಂದು ಬರೆದು, ಸಹಿ ಹಾಕಿ, ಹೊರಗೆ ಬಂದು ಬಸ್ಸು ಹಿಡಿಯುತ್ತಾರೆ.

ಮೂರನೆಯ ಪ್ರಶ್ನೆ ಒಂದಿದೆ. "ಇದನ್ನು ಹೇಗೆ ಮಾಡಿದ್ರಿ?" ಅದನ್ನು ಕೇಳುವವರು ಬಹಳ ಕಡಿಮೆ. ಯಾರಾದರೂ ಕೇಳಿದರೂ ಉತ್ತರವನ್ನು ತೋರಿಸುವ ಏರ್ಪಾಡು ನಮ್ಮ ಗ್ಯಾಲರಿಗಳಲ್ಲಿ ಇರುವುದಿಲ್ಲ. ನನ್ನ ವಾದ ಇಷ್ಟೇ: ಕರಾವಳಿಯ ಈಗಿನ ಚಿತ್ರಕಲೆ ಮುಂದಕ್ಕೆ ಹೋಗುತ್ತದೋ ಇಲ್ಲವೋ ಎನ್ನುವುದು ಈ ಮೂರನೇ ಪ್ರಶ್ನೆಯ ಮೇಲೆ ನಿಂತಿದೆ. ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡಿಕೊಂಡು ಓದಿ.

ನಾನಿರುವುದು ಜೆಪ್ಪುವಿನಲ್ಲಿ. ಚಿತ್ರ ನೋಡಬೇಕು ಅಂತ ಅನಿಸಿದರೆ ಬಲ್ಲಾಳ್‌ಬಾಗ್ ಕಡೆಗೆ ಹೋಗುವುದು ರೂಢಿ. ಅಲ್ಲಿ ಕೋಟಿಪ್ರಸಾದ್ ಆಳ್ವರ ಪ್ರಸಾದ್ ಆರ್ಟ್ ಗ್ಯಾಲರಿ ಎಷ್ಟೋ ವರ್ಷಗಳಿಂದ ಇಲ್ಲಿನ ಕಲಾವಿದರ ಚಿತ್ರಗಳಿಗೆ ಗೋಡೆ ಕೊಟ್ಟಿದೆ. ಆಮೇಲೆ ಇಂಟ್ಯಾಕ್ ಮಂಗಳೂರು ಘಟಕದವರು ಅಲ್ಲೇ ಹಳೆಯ ಗುತ್ತುಮನೆಯೊಂದನ್ನು ಕೊಡಿಯಾಲ್‌ಗುತ್ತು ಕಲಾ ಕೇಂದ್ರವಾಗಿ ಮಾಡಿದರು. ಬಿ.ಜಿ. ಮಹಮ್ಮದ್ ಅವರಂಥ ಗುರುಗಳು ತಲೆಮಾರುಗಳಿಗೆ ಕುಂಚ ಹಿಡಿಯಲು ಕಲಿಸಿದ ಊರು ಇದು. ಹಾಗಾಗಿ "ನಮ್ಮಲ್ಲಿ ಕಲಾವಿದರೇ ಇಲ್ಲ" ಎಂಬ ಗೊಣಗಾಟ ನನ್ನದಲ್ಲ. ಇದ್ದಾರೆ, ಬೇಕಾದಷ್ಟು ಇದ್ದಾರೆ. ನನ್ನ ತಕರಾರು ಬೇರೆ.

ಇಲ್ಲಿನ ಸಮೂಹ ಪ್ರದರ್ಶನಗಳಿಗೆ ನಾಲ್ಕೈದು ಸಲ ಹೋದರೆ ನಿಮಗೇ ಗೊತ್ತಾಗುತ್ತದೆ. ಯಕ್ಷಗಾನದ ಕಿರೀಟ ಒಂದು. ಕೆಸರು ಹಾರಿಸುತ್ತಾ ಓಡುವ ಕಂಬಳದ ಕೋಣಗಳು ಒಂದು ಜೊತೆ. ದೈವದ ಅಣಿ, ಅದರ ಹಿಂದೆ ದೊಂದಿಯ ಕೆಂಪು. ಮೀನಿನ ಬುಟ್ಟಿ ಹೊತ್ತ ಹೆಂಗಸು. ಹಂಚಿನ ಮನೆ, ಅಂಗಳದಲ್ಲಿ ತುಳಸಿಕಟ್ಟೆ. ಎಲ್ಲ ನಮ್ಮದೇ, ಬೇಡ ಅಂತ ಹೇಳುವವನು ನಾನಲ್ಲ. ಆದರೆ ಒಂದು ಪ್ರಯೋಗ ಮಾಡಿ ನೋಡಿ. ಮನಸ್ಸಿನಲ್ಲೇ ಆ ಕಿರೀಟವನ್ನು ಚಿತ್ರದಿಂದ ತೆಗೆದಿಡಿ. ಉಳಿಯುವುದು ಏನು? ಕೆಲವು ಚಿತ್ರಗಳಲ್ಲಿ ತುಂಬಾ ಉಳಿಯುತ್ತದೆ: ಬಣ್ಣದ ಜಗಳ, ಗೆರೆಯ ಓಟ, ಖಾಲಿ ಬಿಟ್ಟ ಜಾಗದ ಧೈರ್ಯ. ಕೆಲವದರಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಕಿರೀಟ, ಚಿತ್ರ ಅಲ್ಲ. ಕರಾವಳಿಯದ್ದು ಅಂತ ಗುರುತು ಹಚ್ಚಲಿಕ್ಕೆ ಹಾಕಿದ ಮುದ್ರೆ ಅಷ್ಟೇ ಅದು.

ತಮಾಷೆ ಏನೆಂದರೆ, "ಹೇಗೆ ಮಾಡುತ್ತಾರೆ" ಅಂತ ನೋಡುವ ಅಭ್ಯಾಸ ನಮ್ಮ ಊರಿನವರಿಗೆ ಹೊಸದಲ್ಲ. ಆಟಕ್ಕೆ ಹೋದ ಮಕ್ಕಳು ಮೊದಲು ಓಡುವುದು ಎಲ್ಲಿಗೆ? ರಂಗಸ್ಥಳಕ್ಕಲ್ಲ, ಚೌಕಿಗೆ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಕನ್ನಡಿ ಎದುರಿಗಿಟ್ಟುಕೊಂಡು ತನ್ನ ಮುಖದ ಮೇಲೆ ತಾನೇ ಬಣ್ಣ ಬರೆದು, ಅಕ್ಕಿ ಮತ್ತು ಸುಣ್ಣದ ಹಿಟ್ಟಿನಿಂದ ಚುಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡುತ್ತಾ ಕುಳಿತ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಬಣ್ಣದ ಮಾಲಿಂಗ ಅವರ ಹೆಸರಿಗೇ "ಬಣ್ಣ" ಸೇರಿಕೊಂಡದ್ದು ಸುಮ್ಮನೆ ಅಲ್ಲ. ಒಂದೊಂದೇ ಚುಕ್ಕೆ ಏರುತ್ತಾ ಹೋದ ಹಾಗೆ ಎದುರಿಗಿದ್ದ ಮನುಷ್ಯ ಕಾಣೆಯಾಗಿ ರಾಕ್ಷಸ ಎದ್ದು ಬರುತ್ತಾನೆ. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು, ಆ ಚಿತ್ರ ಇನ್ನಿಲ್ಲ. ಮಾರನೇ ರಾತ್ರಿ ಮತ್ತೆ ಮೊದಲಿನಿಂದ.

ಈಗ ಗ್ಯಾಲರಿಯ ಯಕ್ಷಗಾನ ಚಿತ್ರವನ್ನು ನೋಡಿ. ಫೋಟೋ ಎದುರಿಗಿಟ್ಟುಕೊಂಡು ಬರೆದದ್ದಾದರೆ ಚುಟ್ಟಿಯ ಚುಕ್ಕೆಗಳೆಲ್ಲ ಸರಿಯಾಗಿ ಬಂದಿರುತ್ತವೆ. ಚುಟ್ಟಿ ಇಟ್ಟ ಆ ಗಂಟೆಗಳು ಬಂದಿರುವುದಿಲ್ಲ. ಬೆವರು ಬಂದಿರುವುದಿಲ್ಲ, ಒರೆಸಿ ಹೋಗುತ್ತದೆ ಎಂಬ ಅರಿವು ಬಂದಿರುವುದಿಲ್ಲ. ಚೌಕಿಯಲ್ಲಿ ಕುಳಿತ ಆ ಕಲಾವಿದ, ಅವನ ಚಿತ್ರ ಬರೆದವನಿಗಿಂತ ದೊಡ್ಡ ಚಿತ್ರಕಾರ ಅಂತ ಅನಿಸಿಬಿಡುತ್ತದೆ!

ಇದಕ್ಕೆ ಬೇರೆ ದಾರಿ ಇಲ್ಲವಾ? ಇದೆ. ನಮ್ಮದೇ ನೆಲದವರು ಹಾಕಿಕೊಟ್ಟಿದ್ದಾರೆ. ಕೆ.ಕೆ. ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕೆಲ ಕಾಲ ಕಲಿಸಿ, ಆಮೇಲೆ ಪ್ಯಾರಿಸ್‌ಗೂ ಹೋಗಿ ಬಂದವರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಈ ವಿವರ ಎಲ್ಲ ಕಡೆ ಸಿಗುತ್ತದೆ. ನನಗೆ ಮುಖ್ಯ ಅನಿಸಿದ್ದು ಬೇರೆ ಸಂಗತಿ. ಲಯವನ್ನು ಗೆರೆಯಲ್ಲಿ ಹಿಡಿಯಬೇಕು ಅಂತ ಅನಿಸಿದಾಗ ಅವರು ನೃತ್ಯದ ಫೋಟೋ ಸಂಗ್ರಹಿಸಲು ಹೋಗಲಿಲ್ಲ. ಪಂಡಿತ್ ಸುಂದರ್ ಪ್ರಸಾದರ ಬಳಿ ಎರಡು ವರ್ಷ ಕಥಕ್ ಕಲಿತರು! ವೇದಿಕೆ ಏರಿ ಕುಣಿಯಲಿಕ್ಕಲ್ಲ, ಗೆರೆ ಎಳೆಯಲಿಕ್ಕೆ. ತಿರುಗುವಾಗ ಮೈಯ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕ್ಷಣದಲ್ಲಿ ಕಾಲು ನೆಲಕ್ಕೆ ಬಡಿಯುತ್ತದೆ ಎನ್ನುವುದು ತನ್ನ ಮೈಗೇ ಗೊತ್ತಾಗಲಿ ಅಂತ. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಒಡವೆ, ಸೀರೆಯ ಅಂಚು ಹೆಚ್ಚೇನೂ ಇರುವುದಿಲ್ಲ. ನಾಲ್ಕು ಗೆರೆ, ಅಷ್ಟೇ. ಆದರೆ ಆ ಗೆರೆಗಳು ಕುಣಿಯುತ್ತವೆ.

ಇದನ್ನೇ ನಾನು ಕೆಲಸದ ಬಗೆ ಅನ್ನುವುದು. ವಿಷಯ ಅಲ್ಲ, ಶೈಲಿಯೂ ಅಲ್ಲ. ಒಂದು ಸಂಗತಿಯ ಒಳಗೆ ಹೋಗಲಿಕ್ಕೆ ಕಲಾವಿದ ಯಾವ ಬಾಗಿಲು ಆರಿಸಿಕೊಂಡ ಎನ್ನುವುದು.

ಇನ್ನೊಂದು ಬಾಗಿಲು, ಸಾಮಗ್ರಿಯದು. ನಮ್ಮ ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್ ನೋಡದ ಮಂಗಳೂರಿಗರು ಇಲ್ಲ. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅಲ್ಲಿ ಗೋಡೆ, ಮಾಡು ಒಂದನ್ನೂ ಬಿಡದೆ ಚಿತ್ರ ತುಂಬಿಸಿಟ್ಟರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲವರ್ಣ, ಕೆಲವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಗಾರೆ ಒಣಗುವಾಗ ಸುಣ್ಣ ಗಾಳಿಯೊಂದಿಗೆ ಸೇರಿ ಕಲ್ಲಾಗುತ್ತದೆ, ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಿನ ಎಷ್ಟು ಗಾರೆ ಮೆತ್ತಿದ್ದಾರೋ ಅಷ್ಟನ್ನು ಒಣಗುವ ಮೊದಲು ಮುಗಿಸಬೇಕು. ತಪ್ಪಿದರೆ ಒರೆಸಲಿಕ್ಕಾಗದು, ಗಾರೆಯನ್ನೇ ಕೆತ್ತಿ ತೆಗೆಯಬೇಕು. ನಮ್ಮ ಸಾಫ್ಟ್‌ವೇರ್ ಕಸುಬಿನ ಹಾಗೆ "ಅಂಡೂ" ಇಲ್ಲ ಸ್ವಾಮಿ! ಇದು ಗೊತ್ತಾದ ಮೇಲೆ ಆ ಚಾಪೆಲಿನಲ್ಲಿ ತಲೆ ಎತ್ತಿ ನಿಂತರೆ ಕಾಣುವುದು ಬೇರೆಯೇ. ಸಂತರ ಮುಖಗಳ ಜೊತೆಗೆ, ಇಂದಿನ ಪಾಲು ಇಷ್ಟು ಅಂತ ಲೆಕ್ಕ ಹಾಕಿ ದುಡಿದ ಒಬ್ಬ ಮನುಷ್ಯನೂ ಕಾಣುತ್ತಾನೆ.

ಫ್ರೆಸ್ಕೊಗೆ ಇಟಲಿಯವರು ಬರಬೇಕಾಯಿತು ಅಂತ ಬೇಸರ ಬೇಡ, ಸುಣ್ಣದ ಗೋಡೆಯ ಮೇಲಿನ ಕೆಲಸ ನಮ್ಮ ಕಡೆಯಲ್ಲೂ ಇತ್ತು. ಅದೇ ಕಾವಿ ಕಲೆ. ಗೋವಾದಿಂದ ಈಚೆಗೆ ನಮ್ಮ ಕರಾವಳಿಯ ಉದ್ದಕ್ಕೂ ಹಳೆಯ ದೇವಸ್ಥಾನ, ಮನೆಗಳ ಗೋಡೆಯ ಮೇಲೆ ಕಾಣುತ್ತಿತ್ತು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳು ಹೆಸರಾದವು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿಯ ಪದರ ಹಚ್ಚಿ, ಅದು ಹಸಿ ಇರುವಾಗಲೇ ಚೂಪು ಉಪಕರಣದಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರುವುದು. ಅಂದರೆ ಇಲ್ಲಿ ಬಣ್ಣ ಹಚ್ಚುವುದರಿಂದ ಚಿತ್ರ ಆಗುವುದಿಲ್ಲ, ಬಣ್ಣ ತೆಗೆಯುವುದರಿಂದ ಆಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗೋಡೆಗಳು ಉರುಳಿ ಹೋದವು. ಉಡುಪಿ ಕಡೆಯ ಕಲಾವಿದ ಜನಾರ್ದನ ಹಾವಂಜೆಯವರು ಇದರ ಬಗ್ಗೆ ಸಂಶೋಧನೆ ಮಾಡಿ, ಅದೇ ವಿಧಾನವನ್ನು ಕೈಗೆ ತೆಗೆದುಕೊಂಡು ಹೊಸ ಕೆಲಸ ಮಾಡಿ ತೋರಿಸಿದವರು. ಹಳೆಯ ಕಾವಿ ಚಿತ್ರವನ್ನು ನೋಡಿ ಅಕ್ರಿಲಿಕ್‌ನಲ್ಲಿ ನಕಲು ಮಾಡುವುದು ಒಂದು. ಸುಣ್ಣ ಕಲಸಿ, ಕಾದು, ಕೆರೆದು ನೋಡುವುದು ಇನ್ನೊಂದು. ಎರಡಕ್ಕೂ ಅಜಗಜಾಂತರ.

ಕೆಂಪಿನ ಮಾತು ಬಂತಲ್ಲ, ನಮ್ಮ ಜೆಪ್ಪುವಿನ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ನೇತ್ರಾವತಿ ದಡದ ಬದಿಯಲ್ಲಿ. ಜೇಡಿಮಣ್ಣು, ಬೆಂಕಿ, ಕೆಂಪು, ಇದು ಈ ನೆಲದ ರಸಾಯನ. ಆ ಹಂಚು ದೂರ ದೂರದ ಊರುಗಳ ಮಾಡಿನ ಬಣ್ಣವನ್ನೇ ಬದಲಿಸಿತು. ನಮ್ಮ ಗ್ಯಾಲರಿಗಳಲ್ಲಿ ಹಂಚಿನ ಮನೆಯ ಚಿತ್ರ ನೂರು ಸಿಗುತ್ತವೆ. ಹಂಚಿನ ಪುಡಿಯನ್ನೇ ಅರೆದು ಬಣ್ಣ ಮಾಡಿ ನೋಡಿದವರು ಎಷ್ಟು ಜನ? ಇದ್ದರೆ ದಯವಿಟ್ಟು ತಿಳಿಸಿ, ಬಂದು ನೋಡಬೇಕು ಅಂತ ಆಸೆ.

ಕೆಲಸದ ಬಗೆಯನ್ನು ಗಟ್ಟಿಯಾಗಿ ಹಿಡಿದವರು ಕೊನೆಗೆ ಚಿತ್ರಪಟವನ್ನೇ ಬಿಟ್ಟು ಹೊರಟದ್ದೂ ಉಂಟು. ಸುದರ್ಶನ ಶೆಟ್ಟಿ 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು, ತಂದೆ ಯಕ್ಷಗಾನ ಕಲಾವಿದರು. ಜೆ.ಜೆ.ಯಲ್ಲಿ ಕಲಿತದ್ದು ಪೇಂಟಿಂಗ್. ಆಮೇಲೆ ಅವರು ಯಂತ್ರದಿಂದ ಚಲಿಸುವ ವಸ್ತುಗಳು, ಕೆತ್ತಿದ ಮರ, ದೃಶ್ಯಚಿತ್ರ ಹೀಗೆ ಬೇರೆ ದಾರಿ ಹಿಡಿದರು. 2016ರ ಕೊಚ್ಚಿ ಬಿಯೆನಾಲೆಯನ್ನು ರೂಪಿಸಿದ್ದೂ ಅವರೇ. ಕುಂದಾಪುರ ಕಡೆಯ ಎಲ್.ಎನ್. ತಲ್ಲೂರ್ ಮೈಸೂರಿನ ಕಾವಾದಲ್ಲಿ ಪೇಂಟಿಂಗ್, ಬರೋಡಾದಲ್ಲಿ ಮ್ಯೂಸಿಯಂ ಶಾಸ್ತ್ರ ಓದಿದವರು. 2012ರ ಸ್ಕೋಡಾ ಪ್ರಶಸ್ತಿ ಅವರಿಗೆ ಬಂತು. ಅವರ "ಕ್ರೊಮ್ಯಾಟೊಫೋಬಿಯಾ" ಎಂಬ ಕೃತಿಯಲ್ಲಿ ಒಂದು ಮರದ ದಿಮ್ಮಿ ಇರುತ್ತದೆ. ನೋಡಲು ಬಂದವರು ಸುತ್ತಿಗೆ ತೆಗೆದುಕೊಂಡು ಅದಕ್ಕೆ ನಾಣ್ಯ ಹೊಡೆಯಬೇಕು. "ಇದಕ್ಕೆ ಎಷ್ಟು?" ಅಂತ ಕೇಳುವ ಮೊದಲೇ ನಿಮ್ಮ ಕೈಯಿಂದಲೇ ದುಡ್ಡು ಹೊಡೆಸುತ್ತಾರೆ :-) ಇಬ್ಬರ ಕೆಲಸದಲ್ಲೂ ಕರಾವಳಿ ಒಂದು ಗುರುತುಚೀಟಿಯಾಗಿ ಅಂಟಿಕೊಂಡಿಲ್ಲ. ಆದರೂ ಇವರು ನಮ್ಮವರು, ಮತ್ತು ನಮ್ಮ ಕಡೆಯ ಬಹುಪಾಲು ಜನಕ್ಕೆ ಇವರ ಹೆಸರೂ ಗೊತ್ತಿಲ್ಲ. ದಿಲ್ಲಿ, ಮುಂಬಯಿ, ಹೊರದೇಶಗಳಲ್ಲಿ ಇವರ ಕೆಲಸದ ಮುಂದೆ ನಿಂತವರು "ಇದನ್ನು ಹೇಗೆ, ಯಾಕೆ ಮಾಡಿದ್ದು" ಅಂತ ಕೇಳುತ್ತಾರೆ. ಇಲ್ಲಿ ಆ ಪ್ರಶ್ನೆ ಹುಟ್ಟದಿದ್ದರೆ ಮುಂದಿನ ತಲ್ಲೂರ್ ಕೂಡ ಹೊರಗೇ ಹೋಗಬೇಕಾಗುತ್ತದೆ.

ಹಾಗಂತ ಇಲ್ಲೇ ಉಳಿದು ಕೆಲಸ ಮಾಡುವವರಲ್ಲಿ ಇಂಥ ಹುಡುಕಾಟ ಇಲ್ಲ ಅಂತಲ್ಲ. ಇದೆ, ಆದರೆ ಕಾಣುವುದಿಲ್ಲ. ಒಮ್ಮೆ ಒಂದು ಪ್ರದರ್ಶನದಲ್ಲಿ ದಕ್ಕೆಯ ದೋಣಿಗಳ ಚಿತ್ರ ನೋಡುತ್ತಿದ್ದೆ. ಬೆಳಗಿನ ಜಾವದ ಬೂದು ಬಣ್ಣ, ಎಲ್ಲೋ ಸವೆದು ಹೋದ ಹಾಗೆ, ವಿಚಿತ್ರ ಚೆಂದ ಇತ್ತು. ಕಲಾವಿದರು ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದರು.

"ಸಾರ್, ಈ ಬೂದು ಹೀಗೆ ಬರ್ಲಿಕ್ಕೆ ಎಂತ ಮಾಡಿದ್ದು ನೀವು?"

"ಯಾಕೆ, ನೀವೂ ಚಿತ್ರ ಮಾಡ್ತೀರಾ?"

"ಇಲ್ಲ ಸಾರ್. ಸುಮ್ಮನೆ, ಗೊತ್ತಾಗ್ಲಿಕ್ಕೆ."

ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಚಿತ್ರ ಮಾಡದವರು ಇದನ್ನೆಲ್ಲ ಯಾಕೆ ಕೇಳುತ್ತಾರೆ! ಆಮೇಲೆ ಮೇಜಿನ ಕೆಳಗಿನ ಬಟ್ಟೆಚೀಲದಿಂದ ಒಂದು ಸ್ಕೆಚ್ ಪುಸ್ತಕ ತೆಗೆದರು. ಮೂರು ವಾರ ಬೆಳಿಗ್ಗೆ ಐದು ಗಂಟೆಗೆ ದಕ್ಕೆಗೆ ಹೋಗಿ ಮಾಡಿದ ರೇಖಾಚಿತ್ರಗಳು. ಒಂದೆರಡು ಪುಟಗಳಲ್ಲಿ ಮೀನುನೀರಿನ ಕಲೆ. ಬಣ್ಣವನ್ನು ಹಚ್ಚಿ, ಅರ್ಧ ಒಣಗಿದ ಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದು, ಮತ್ತೆ ಹಚ್ಚಿ, ಮತ್ತೆ ಕೆರೆದು ಆ ಬೂದು ತಂದದ್ದಂತೆ. "ಆ ಕಾರ್ಡಿನಲ್ಲಿ ದುಡ್ಡಂತೂ ಬರ್ಲಿಲ್ಲ ಮಾರಾಯ್ರೆ, ಬಣ್ಣವಾದ್ರೂ ಬರ್ಲಿ" ಅಂತ ನಕ್ಕರು. ಪುಸ್ತಕ ಮತ್ತೆ ಚೀಲದೊಳಗೆ ಹೋಯಿತು. ಅದರ ನಂತರ ಬಂದ ಹತ್ತು ಹದಿನೈದು ಜನಕ್ಕೆ ಆ ಪುಸ್ತಕ ಇದೆ ಅಂತಲೇ ಗೊತ್ತಾಗಲಿಲ್ಲ.

ಇದು ಈಗ ಯಾಕೆ ತುರ್ತಿನ ವಿಷಯ ಎಂದರೆ, 2022ರಿಂದ ಈಚೆಗೆ ಮಿಡ್‌ಜರ್ನಿ, ಡಾಲ್-ಇ ಥರದ ಯಂತ್ರಗಳು ಎಲ್ಲರ ಕೈಗೆ ಬಂದಿವೆ. (ನಮ್ಮ ಕಸುಬಿನವರೇ ಮಾಡಿದ ಕಿತಾಪತಿ, ಒಪ್ಪಿಕೊಳ್ಳೋಣ.) "ಯಕ್ಷಗಾನದ ವೇಷ, ತೈಲವರ್ಣದ ಶೈಲಿ, ಹಿನ್ನೆಲೆ ಕೆಂಪು" ಅಂತ ಟೈಪಿಸಿದರೆ ಒಂದು ನಿಮಿಷದೊಳಗೆ ನಾಲ್ಕು ಚಿತ್ರ ಎದುರಿಗೆ. ಆಭರಣ ಹಿಂದುಮುಂದಾಗಿರಬಹುದು, ತೆಂಕು ಬಡಗು ಕಲಸಿ ಹೋಗಿರಬಹುದು. ಅದು ಇಂದಲ್ಲ ನಾಳೆ ಸರಿಯಾಗುತ್ತದೆ. ವಿಷಯ ಮತ್ತು ಶೈಲಿ, ಈ ಎರಡನ್ನು ಜೋಡಿಸಿದರೆ ಚಿತ್ರ ಆಯಿತು ಎಂದು ನಂಬಿದವರ ಕೆಲಸಕ್ಕೆ ಅಲ್ಲಿಗೆ ಬೆಲೆ ಹೋಯಿತು. ಯಂತ್ರಕ್ಕೆ ಸಿಗದ್ದು ಏನು? ಮೂರು ವಾರ ದಕ್ಕೆಗೆ ಹೋದದ್ದು. ಎರಡು ವರ್ಷ ಕಥಕ್ ಕಲಿತದ್ದು. ಗಾರೆ ಒಣಗುತ್ತಿದೆ ಎಂಬ ಗಡಿಬಿಡಿ. ಕೆರೆದು ಹಾಳಾದದ್ದು, ಹಾಳಾದದ್ದರಿಂದ ಹೊಸದು ಹೊಳೆದದ್ದು. ಇಷ್ಟನ್ನೂ ನಾವು ಬಟ್ಟೆಚೀಲದಲ್ಲಿ ಬಚ್ಚಿಟ್ಟು, ಯಂತ್ರವೂ ಮಾಡಬಲ್ಲ ಭಾಗವನ್ನು ಮಾತ್ರ ಚೌಕಟ್ಟು ಹಾಕಿ ಗೋಡೆಗೆ ನೇತು ಹಾಕುತ್ತಿದ್ದೇವೆ!

ಇದಕ್ಕೆ ಎದುರು ವಾದ ಇದೆ, ನನಗೂ ಗೊತ್ತು. "ನಿಮಗೆ ತಿಂಗಳು ತಿಂಗಳು ಸಂಬಳ ಬರ್ತದೆ, ಮಾತಾಡ್ಲಿಕ್ಕೆ ಸುಲಭ" ಅಂತ ಕಲಾವಿದ ಮಿತ್ರರು ಹೇಳಿದರೆ ಅದರಲ್ಲಿ ತಪ್ಪಿಲ್ಲ. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಸಾಗಾಟ ಎಲ್ಲದಕ್ಕೂ ಕೈಯಿಂದ ಹಾಕಬೇಕು. ಗೃಹಪ್ರವೇಶಕ್ಕೆ, ನಿವೃತ್ತಿಯ ಸನ್ಮಾನಕ್ಕೆ, ದುಬೈಗೆ ಹೊರಟ ನೆಂಟರಿಗೆ ಕೊಡಲಿಕ್ಕೆ ಜನ ಕೊಳ್ಳುವುದು ಕಿರೀಟದ ಚಿತ್ರವನ್ನೇ. ಹೊಟ್ಟೆಪಾಡಿನ ಚಿತ್ರ ಮಾಡುವುದು ಅವಮಾನವಲ್ಲ. ಮೇಳದವರೂ ಹರಕೆ ಆಟ ಆಡುತ್ತಾರೆ, ಅದರ ನಡುವೆಯೇ ದೊಡ್ಡ ಪಾತ್ರಗಳನ್ನೂ ಕಟ್ಟುತ್ತಾರೆ. ಆದ್ದರಿಂದ ನಾನು ಕಲಾವಿದರಿಗೆ ಉಪದೇಶ ಮಾಡಲು ಹೊರಟಿಲ್ಲ. ನೋಡುವ ನಾವು ಬದಲಾಗದೆ, ಮಾಡುವ ಅವರು ಮಾತ್ರ ಬದಲಾಗಲಿ ಎನ್ನುವುದು ನ್ಯಾಯವೂ ಅಲ್ಲ.

"ಚಿತ್ರವೇ ಮಾತಾಡಬೇಕು, ಮಾಡಿದ ಕಥೆ ಯಾಕೆ?" ಎನ್ನುವವರೂ ಇದ್ದಾರೆ. ಕೆಟ್ಟ ಚಿತ್ರಕ್ಕೆ ಒಳ್ಳೆಯ ಕಥೆ ಕಟ್ಟಿ ಮಾರುವವರನ್ನು ಕಂಡು ಹೇಳಿದ ಮಾತು ಅದಾದರೆ ಒಪ್ಪುತ್ತೇನೆ. ಆದರೆ ಚೌಕಿ ನೋಡಿ ಬಂದ ಮಗುವಿಗೆ ರಂಗಸ್ಥಳದಲ್ಲಿ ರಾಕ್ಷಸ ಅಬ್ಬರಿಸಿದಾಗ ಹೆದರಿಕೆ ಏನು ಕಡಿಮೆ ಆಗುವುದಿಲ್ಲ. ಕಣ್ಣೆದುರೇ ತಯಾರಾದವನು ಅಂತ ಗೊತ್ತಿದ್ದೂ ಹೆದರಿಕೆ ಆಗುತ್ತದಲ್ಲ, ಅದೇ ಕಲೆಯ ಶಕ್ತಿ. ಚೌಕಿ ತೋರಿಸಿದರೆ ಬಣ್ಣ ಬಯಲಾಗುವುದು ಟೊಳ್ಳು ಕೆಲಸದ್ದು ಮಾತ್ರ.

ಹಾಗಾದರೆ ಮಾಡಬೇಕಾದದ್ದು ಏನು? ದೊಡ್ಡ ಯೋಜನೆ, ಅನುದಾನ, ಅಕಾಡೆಮಿ ಏನೂ ಬೇಡ. ಪ್ರತಿ ಪ್ರದರ್ಶನದಲ್ಲಿ ಒಂದು ಮೇಜು ಇಡಿ. ಅದರ ಮೇಲೆ ಸ್ಕೆಚ್ ಪುಸ್ತಕ, ಬಳಸಿದ ಉಪಕರಣ, ಅರ್ಧಕ್ಕೆ ಕೈಬಿಟ್ಟ ಒಂದು ಕ್ಯಾನ್ವಾಸು ಇರಲಿ. ಅದೇ ಚೌಕಿ. ಚಿತ್ರದ ಕೆಳಗಿನ ಚೀಟಿಯಲ್ಲಿ "ಅಕ್ರಿಲಿಕ್, 36 ಇಂಚು 48 ಇಂಚು" ಅಂತ ಬರೆದು ಮುಗಿಸದೆ, ಎರಡೇ ಸಾಲು ಕನ್ನಡದಲ್ಲೋ ತುಳುವಿನಲ್ಲೋ ಹೇಗೆ ಮಾಡಿದ್ದು ಅಂತ ಬರೆಯಿರಿ. ಕಲಾಶಿಬಿರಗಳಲ್ಲಿ ಜನರ ಎದುರು ಚಿತ್ರ ಬರೆಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದನ್ನು ಗ್ಯಾಲರಿಯೊಳಗೂ ಒಂದು ಸಂಜೆ ತನ್ನಿ. ಸಣ್ಣ ರೇಖಾಚಿತ್ರಗಳನ್ನು, ಅಭ್ಯಾಸದ ಹಾಳೆಗಳನ್ನು ನಮ್ಮಂಥವರ ಕೈಗೆಟಕುವ ಬೆಲೆಗೆ ಮಾರಾಟಕ್ಕಿಡಿ. ಮೊದಲ ಸಂಬಳದಲ್ಲಿ ದೊಡ್ಡ ತೈಲವರ್ಣ ಕೊಳ್ಳಲಿಕ್ಕೆ ಯಾರಿಗೂ ಆಗದು. ಮೀನುನೀರಿನ ಕಲೆ ಇರುವ ಒಂದು ಹಾಳೆಯಾದರೆ ನಾನು ಅವತ್ತೇ ಕೊಳ್ಳುತ್ತಿದ್ದೆ.

ನೋಡಲು ಹೋಗುವ ನಮಗೂ ಒಂದಿಷ್ಟು ಕೆಲಸ ಇದೆ. ಕಲಾವಿದರು ಅಲ್ಲೇ ಕುಳಿತಿರುತ್ತಾರೆ, ಹೆಚ್ಚಿನ ಹೊತ್ತು ಒಬ್ಬರೇ. ನಾಚಿಕೆ ಬಿಟ್ಟು ಕೇಳಿ. ಮೊದಲು ಎಲ್ಲಿಂದ ಶುರು ಮಾಡಿದ್ರಿ? ಮುಗಿಯಿತು ಅಂತ ಹೇಗೆ ಗೊತ್ತಾಯಿತು? ಇದರಲ್ಲಿ ಅಳಿಸಿ ಹಾಕಿದ್ದು ಏನು? ಇದರ ಮೊದಲು ಕೆಟ್ಟುಹೋದದ್ದು ಯಾವುದು? ಚಿತ್ರಕಲೆ ಓದಿರಬೇಕಾಗಿಲ್ಲ, ಪರಿಭಾಷೆ ಗೊತ್ತಿರಬೇಕಾಗಿಲ್ಲ. ಪುಸ್ತಕದಲ್ಲಿ "ಅದ್ಭುತ" ಅಂತ ಬರೆಯುವ ಸಮಯದಲ್ಲಿ ಇವುಗಳಲ್ಲಿ ಒಂದನ್ನು ಕೇಳಬಹುದು. ಇಂಥ ಪ್ರಶ್ನೆ ಹತ್ತು ಜನ ಕೇಳಿದರೆ, ಮುಂದಿನ ಸಲ ಆ ಚೀಲ ಮೇಜಿನ ಮೇಲೆ ಬರುತ್ತದೆ. ನೂರು ಜನ ಕೇಳಿದರೆ, ಹೇಳಲಿಕ್ಕೆ ಉತ್ತರ ಇರುವಂಥ ಚಿತ್ರಗಳೇ ಹೆಚ್ಚು ಹೆಚ್ಚು ಬರುತ್ತವೆ.

ಧಾರವಾಡ, ಮೈಸೂರು, ಕಲಬುರಗಿ, ಬೆಂಗಳೂರಿನ ಮಿತ್ರರೇ, ನಿಮ್ಮ ಊರಿನ ಗ್ಯಾಲರಿಗಳಲ್ಲಿ ಹೇಗೆ? ಚೌಕಿಯ ಬಾಗಿಲು ತೆರೆದಿಟ್ಟ ಕಲಾವಿದರು ಯಾರಾದರೂ ಗೊತ್ತಾ? ಹೇಳಿ, ಕೇಳೋಣ.